ಬಿಳಿ ಮುಚ್ಚಳ

ಊರವರ ಬಾಯಲ್ಲಿ ಅವಳು ಕೆರೆ ಮೇಡಂ. ಸರೋವರದ ನೀರನ್ನು ಓದುವುದೂ ಒಂದು ವಿದ್ಯೆ ಎಂದು ಆ ಸೀಮೆಗೆ ಮೊದಲು ತೋರಿಸಿಕೊಟ್ಟವಳು. "ನೀರು ನೋಡೋಕೂ ಸಂಬಳ ಕೊಡ್ತಾರಾ?" ಎಂದು ನಕ್ಕವರ ಮಕ್ಕಳೇ ಆಮೇಲೆ ಅವಳ ಶಿಷ್ಯರಾದರು.

ಶುರುವಿನಲ್ಲಿ ದೋಣಿ ನಡೆಸಲು ಕಾಲೇಜು ಯಾರನ್ನೂ ಕೊಡಲಿಲ್ಲ. ತಂಗಿಯೇ ಹುಟ್ಟು ಹಿಡಿದಳು. ಅಳತೆಯ ತಟ್ಟೆಯೂ ತಂಗಿಯ ಅಡುಗೆಮನೆಯದೇ: ಪಾತ್ರೆಯ ಮುಚ್ಚಳಕ್ಕೆ ಬಿಳಿ ಬಣ್ಣ ಬಳಿದು, ಗಂಟು ಹಾಕಿದ ಹಗ್ಗಕ್ಕೆ ಕಟ್ಟಿ ನೀರಿಗಿಳಿಸುವುದು. ಅದು ಎಷ್ಟು ಆಳದವರೆಗೆ ಕಾಣುತ್ತದೋ ನೀರು ಅಷ್ಟು ತಿಳಿ. ನೋಡುವ ಕಣ್ಣು ಬದಲಾದರೆ ಅಳತೆಯೂ ಬದಲಾಗುತ್ತದೆಂದು ಯಾವತ್ತೂ ಅಕ್ಕನೊಬ್ಬಳೇ ನೋಡುತ್ತಿದ್ದಳು. ತಂಗಿ ಬಗ್ಗಿ ನೋಡುವಂತಿರಲಿಲ್ಲ.

ಎರಡು ವರ್ಷದಿಂದ ಮುಚ್ಚಳ ಬೇಗಬೇಗನೆ ಮಾಯವಾಗತೊಡಗಿತ್ತು. ಸರೋವರ ಕೈತಪ್ಪುತ್ತಿದೆ ಎಂಬ ಸಂಕಟಕ್ಕೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ನಿವೃತ್ತಿಯ ಮುಂಚಿನ ಕೊನೆಯ ಅಳತೆಯಂದು ನಾಲ್ಕನೇ ಗಂಟಿಗೇ ನೀರು ಅದನ್ನು ನುಂಗಿಬಿಟ್ಟಿತು.

"ಹೋಯ್ತು ಕಣೇ. ನನ್ನ ಕೆಲಸವೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು."

ಅಕ್ಕನ ದನಿ ಒಡೆದದ್ದು ಕೇಳಿ ತಂಗಿ ಹುಟ್ಟು ಬಿಟ್ಟು ಬಂದು, ಮೊದಲ ಸಲ ಬಗ್ಗಿ ನೋಡಿದಳು.

"ಎಲ್ಲಿ ಹೋಯ್ತು? ಬೆಳ್ಳಗೆ ಕಾಣ್ತಿದೆಯಲ್ಲ."

"ಸುಳ್ಳು ಸಮಾಧಾನ ಹೇಳ್ಬೇಡ."

"ನಿನಗೆ ಸಮಾಧಾನ ಹೇಳಿ ಗೆದ್ದವರುಂಟಾ? ಹಗ್ಗ ಬಿಡು."

ಬಿಟ್ಟಳು. ತಂಗಿ ಸಾಕೆಂದದ್ದು ಹತ್ತನೇ ಗಂಟಿಗೆ. ನೀರು ಚೆನ್ನಾಗಿದ್ದ ವರ್ಷಗಳ ಗಂಟದು. ಅಕ್ಕನಿಗೆ ನಂಬಿಕೆ ಬರಲಿಲ್ಲ. ಮೇಲೆಳೆದು, ಗಂಟುಗಳು ತಂಗಿಗೆ ಕಾಣದಂತೆ ಬೆನ್ನು ಅಡ್ಡಹಿಡಿದು ಮತ್ತೆ ಇಳಿಸಿದಳು. ಅದೇ ಗಂಟು.

"ಮೊನ್ನೆ ಗೂಟಕ್ಕೆ ಹಾಕಿದ್ದ ನಮ್ಮವರ ಕೋಟು ನೋಡಿ 'ಯಾವಾಗ ಬಂದ್ರಿ' ಅಂದ್ಯಲ್ಲ, ಆವಾಗ್ಲೇ ಹೇಳ್ಬೇಕಿತ್ತು" ಎಂದಳು ತಂಗಿ. "ಪೊರೆ ಬಂದಿರೋದು ನಿನ್ನ ಕಣ್ಣಿಗೆ ಅಕ್ಕಾ, ಕೆರೆಗಲ್ಲ."

ಅಕ್ಕ ಹತ್ತನೇ ಗಂಟನ್ನು ಮತ್ತೊಮ್ಮೆ ಮುಟ್ಟಿ ನೋಡಿದಳು. ಎರಡು ವರ್ಷದ ಲೆಕ್ಕ ತಪ್ಪಾಗಿತ್ತು. ಅಷ್ಟು ಸಂತೋಷದ ತಪ್ಪನ್ನು ಅವಳು ಜನ್ಮದಲ್ಲಿ ಮಾಡಿರಲಿಲ್ಲ.

"ಕಣ್ಣಿನ ಪೊರೆ ಡಾಕ್ಟರು ತೆಗೀತಾರೆ. ಕೆರೆಗೆ ಬಂದಿದ್ರೆ ಯಾರು ತೆಗೀತಿದ್ರು?" ಎಂದು ಹಗ್ಗವನ್ನು ತಂಗಿಯ ಕೈಗಿತ್ತಳು. "ಇನ್ಮೇಲೆ ನೋಡೋದು ನಿನ್ನ ಕೆಲಸ."

"ಸಂಬಳ?"

"ನಿನ್ನ ಮುಚ್ಚಳ ವಾಪಸ್."

"ಪಾತ್ರೆ ತೂತಾಗಿ ಯಾವ ಕಾಲವಾಯ್ತು."

ಅಕ್ಕ ಹುಟ್ಟು ಹಿಡಿದಳು. ದೋಣಿ ನಿಂತಲ್ಲೇ ಗಿರಕಿ ಹೊಡೆಯಿತು. ಇಷ್ಟು ವರ್ಷ ತನ್ನನ್ನು ನೆಟ್ಟಗೆ ನಡೆಸಿದ್ದು ಯಾರೆಂದು ಅವಳ ತೋಳುಗಳಿಗೆ ಈಗ ತಿಳಿಯಿತು.