ಬೂದನ ಅರ್ಧ ಕಿಲೋಮೀಟರು

ಬೂದನ ಕಾಲಿನ ಪ್ಲಾಸ್ಟರ್ ಬಿಚ್ಚಿದ ದಿನ ಕನ್ನಡಕದಕ್ಕನಿಗೆ ಎಷ್ಟು ಸಂತೋಷವಾಯಿತೋ ಅಷ್ಟೇ ಗಾಬರಿಯೂ ಆಯಿತು. ಹಾಲಿನ ವ್ಯಾನು ಹಿಂದಕ್ಕೆ ಬರುವಾಗ ಚಕ್ರಕ್ಕೆ ಸಿಕ್ಕಿ ಮುರಿದಿದ್ದ ಹಿಂಗಾಲು ಅದು. ಈಗ ಕೂದಲೆಲ್ಲ ಬೋಳಿಸಿಕೊಂಡು, ಕಡ್ಡಿಯಂತೆ ಸಣಕಲಾಗಿ, ಬೇರೆ ಯಾವುದೋ ನಾಯಿಯಿಂದ ಸಾಲ ತಂದ ಕಾಲಿನ ಹಾಗೆ ಕಾಣುತ್ತಿತ್ತು.

"ದಿನಾ ನಡೆಸ್ಬೇಕು," ಅಂದರು ನಾಯಿ ಡಾಕ್ಟರು. "ಮೊದಲ ವಾರ ಸರಿಯಾಗಿ ಅರ್ಧ ಕಿಲೋಮೀಟರು. ಕಮ್ಮಿ ಆದ್ರೆ ಕಾಲು ಮರಗಟ್ಟುತ್ತೆ, ಜಾಸ್ತಿ ಆದ್ರೆ ಬಾತ್ಕೊಳ್ಳುತ್ತೆ. ಆಮೇಲೆ ವಾರವಾರ ಸ್ವಲ್ಪ ಏರಿಸ್ತಾ ಹೋಗಿ."

"ಅರ್ಧ ಕಿಲೋಮೀಟರು ಅಂದ್ರೆ ಎಲ್ಲೀವರೆಗೆ ಡಾಕ್ಟ್ರೇ?"

"ನಿಮ್ಮ ಬೀದಿ ನನಗೆ ಹೇಗಮ್ಮಾ ಗೊತ್ತಾಗ್ಬೇಕು?" ಎಂದು ಡಾಕ್ಟರು ಮುಂದಿನ ಬೆಕ್ಕನ್ನು ಮೇಜಿನ ಮೇಲೆ ತೆಗೆದುಕೊಂಡರು.

ಅಳತೆಯೇನೂ ಅವಳಿಗೆ ಹೊಸದಲ್ಲ. ಬೀದಿಯ ಕನ್ನಡಕದ ಅಂಗಡಿ ಅವಳದೇ. ಗಂಡ ತೀರಿಕೊಂಡ ಮೇಲೆ ಒಂಟಿಯಾಗಿ ನಡೆಸಿಕೊಂಡು ಬಂದಿದ್ದಳು. ಎದುರಿಗೆ ಕೂತವರ ಎರಡು ಕಣ್ಣುಗಳ ನಡುವಿನ ಅಂತರವನ್ನು ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಹೇಳಬಲ್ಲಳು. ಆದರೆ ಬಾಗಿಲಿನಿಂದ ಹೊರಗೆ ಕಾಲಿಟ್ಟರೆ ಬೇಕರಿ ಎಷ್ಟು ದೂರ, ಅಂಚೆಡಬ್ಬಿ ಎಷ್ಟು ದೂರ ಎಂದು ಕೇಳಿದರೆ, "ಇಲ್ಲೇ ಹತ್ರ" ಎನ್ನುವುದಕ್ಕಿಂತ ಹೆಚ್ಚಿಗೆ ತಿಳಿಯದು.

ಮೊದಲು ಫೋನನ್ನು ನಂಬಿದಳು. ನಡೆದದ್ದನ್ನು ಲೆಕ್ಕ ಹಾಕುವ ಫೋನು ಅದು. ಆದರೆ ಅಂಗಡಿಯಲ್ಲಿ ಬೆಳಗಿನಿಂದ ಓಡಾಡಿದ್ದನ್ನೂ ಅದು ಸೇರಿಸಿಬಿಡುತ್ತಿತ್ತು. ಸರಿ, ಸಂಜೆವರೆಗೆ ಮನೆಯಲ್ಲೇ ಇರಲಿ ಎಂದು ಮರುದಿನ ಅದನ್ನು ಅತ್ತೆಯ ಕೈಗೆ ಕೊಟ್ಟು ಹೋದಳು. ಸಂಜೆ ಬಂದು ನೋಡುತ್ತಾಳೆ, ಎರಡು ಕಿಲೋಮೀಟರಿಗೂ ಮೇಲೆ!

"ಅತ್ತೆ, ಎಲ್ಲಿಗೆ ಹೋಗಿದ್ರಿ?"

"ನಾನೆಲ್ಲಿಗೆ ಹೋಗ್ಲಿ, ಮಂಡಿ ಇಟ್ಕೊಂಡು?" ಅತ್ತೆ ತೂಗುಕುರ್ಚಿಯಲ್ಲಿ ಮುಂದಕ್ಕೂ ಹಿಂದಕ್ಕೂ ತೂಗುತ್ತಲೇ ಹೇಳಿದರು. "ಮಡಿಲಲ್ಲಿ ಇಟ್ಕೊಂಡು ಇಲ್ಲೇ ಕೂತಿದ್ದೆ."

ಸೊಸೆ ಕುರ್ಚಿಯನ್ನು ನೋಡಿದಳು, ಫೋನನ್ನು ನೋಡಿದಳು. ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ನೋಡೇ, ಕೂತಲ್ಲೇ ನಿನ್ನ ನಾಯಿಗಿಂತ ಜಾಸ್ತಿ ನಡೆದುಬಿಟ್ಟೆ," ಎಂದು ಅತ್ತೆ ಎರಡು ದಿನ ಅದನ್ನೇ ಹೇಳಿಕೊಂಡು ಬೀಗಿದರು.

ಫೋನಿನ ಮೇಲಿನ ಭರವಸೆ ಅಲ್ಲಿಗೆ ಮುಗಿಯಿತು. ಅವಳು ಎದುರು ಸಾಲಿನ ಸೈಕಲ್ ರಿಪೇರಿಯವನ ಹತ್ತಿರ ಹೋದಳು. ಸರಿಮಾಡಿದ ಪ್ರತಿ ಸೈಕಲ್ಲಿನ ಬೆಲ್ಲನ್ನೂ ಮೂರು ಸಲ ಬಾರಿಸಿ ನೋಡದೆ ಅವನು ಯಾರಿಗೂ ಕೊಟ್ಟವನಲ್ಲ. ಹಾಗಾಗಿ ಬೀದಿಗೆಲ್ಲ ಅವನು ಬೆಲ್ಲಣ್ಣ. ಐವತ್ತರ ಹತ್ತಿರದ ಆಳು. ತಂಗಿಯರನ್ನೆಲ್ಲ ಒಂದೊಂದು ದಡ ಮುಟ್ಟಿಸುವಷ್ಟರಲ್ಲಿ ತನ್ನ ಮದುವೆಯ ಮಾತು ಹಿಂದೆ ಬಿದ್ದಿತ್ತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಟೈರುಗಳ ನಡುವೆ ಅವನ ಸಂಸಾರ.

"ಅಷ್ಟೇ ತಾನೇ ಮೇಡಂ," ಅಂದ ಬೆಲ್ಲಣ್ಣ. "ಚಕ್ರ ಒಂದು ಸುತ್ತು ತಿರುಗಿದ್ರೆ ಎಷ್ಟು ದೂರ ಅಂತ ಟೇಪಲ್ಲಿ ಅಳೆದುಬಿಡೋಣ. ಆಮೇಲೆ ಸುತ್ತು ಎಣಿಸ್ತಾ ಹೋದ್ರಾಯ್ತು."

ಚಕ್ರದ ಕಡ್ಡಿಯೊಂದಕ್ಕೆ ಕೆಂಪು ಬಟ್ಟೆಚೂರು ಕಟ್ಟಿದ. ಕನ್ನಡಕದಕ್ಕ ಬೂದನನ್ನು ಹಿಡಿದುಕೊಂಡಳು, ಅವನು ಸೈಕಲ್ಲನ್ನು ತಳ್ಳಿದ. ಕೆಂಪು ಬಟ್ಟೆ ನೆಲದ ಕಡೆಗೆ ಬಂದಾಗಲೆಲ್ಲ ಒಂದು, ಎರಡು, ಮೂರು. ಬೂದ ಮೂರು ಕಾಲಲ್ಲಿ ಕುಂಟುತ್ತ, ನಾಲ್ಕನೆಯದನ್ನು ಬಿಸಿ ತವೆಗೆ ತಾಗಿಸುವವನ ಹಾಗೆ ಆಗೊಮ್ಮೆ ಈಗೊಮ್ಮೆ ನೆಲಕ್ಕೆ ಮುಟ್ಟಿಸುತ್ತ ಬಂತು.

ಬೇಕರಿ ದಾಟುವಷ್ಟರಲ್ಲಿ ಅವಳು, "ಬೆಲ್ಲಣ್ಣ, ನೀವು ಯಾವತ್ತಾದ್ರೂ ನಾಯಿ ಸಾಕಿದ್ರಾ?" ಎಂದು ಕೇಳಿದಳು. ಅವನು ಚಿಕ್ಕಂದಿನ ಒಂದು ನಾಯಿಯ ಕಥೆ ಶುರುಮಾಡಿದ. ಅವನ ಅಪ್ಪನ ಎಡಗಾಲಿನ ಚಪ್ಪಲಿಗಳನ್ನಷ್ಟೇ ಕದ್ದು ಕದ್ದು ಹಿತ್ತಲಲ್ಲಿ ಹೂಳುತ್ತಿದ್ದ ನಾಯಿ. ಕೊನೆಗೆ ಅಪ್ಪ ಬೇರೆಬೇರೆ ಜೋಡಿಯ ಎರಡು ಬಲಗಾಲಿನ ಚಪ್ಪಲಿ ಹಾಕಿಕೊಂಡೇ ನೆಂಟರ ಮದುವೆಗೆ ಹೋದರಂತೆ. ಅವಳು ನಕ್ಕು ನಕ್ಕು ಸುಸ್ತಾಗಿ ವಿದ್ಯುತ್ ಕಂಬಕ್ಕೆ ಒರಗಿ ನಿಂತಾಗ ಬೆಲ್ಲಣ್ಣ ನಾಲಿಗೆ ಕಚ್ಚಿಕೊಂಡ.

"ಎಣಿಕೆ ತಪ್ಪೋಯ್ತು ಮೇಡಂ."

ಮತ್ತೆ ಹಿಂದಕ್ಕೆ ಹೋದರು. ಎರಡನೆಯ ಸಲ ಇಬ್ಬರೂ ತುಟಿ ಬಿಚ್ಚದೆ ನಡೆದು ಅಂಚೆಡಬ್ಬಿಯ ಬಳಿಯ ಕಂಬಕ್ಕೆ ಕೆಂಪು ಬಣ್ಣದ ಗೆರೆ ಎಳೆದರು. ಅಲ್ಲಿಗೆ ಹೋಗಿ ಬಂದರೆ ಬೂದನ ಅರ್ಧ ಕಿಲೋಮೀಟರು.

ಮುಂದಿನ ವಾರ ಗೆರೆಯನ್ನು ಮುಂದಕ್ಕೆ ಒಯ್ಯಬೇಕಾಯಿತು. ಅದರ ಮುಂದಿನ ವಾರ ಇನ್ನೂ ಮುಂದಕ್ಕೆ. ಎಣಿಕೆ ಮಾತ್ರ ಯಾಕೋ ಪದೇಪದೇ ತಪ್ಪುತ್ತಿತ್ತು. ಒಂದು ದಿನ ಅಳೆದದ್ದನ್ನು ಮರುದಿನ ಖಾತ್ರಿ ಮಾಡಿಕೊಳ್ಳಬೇಕಿತ್ತು. ಮಹಡಿಯ ಕಿಟಕಿಯಿಂದ ಅತ್ತೆ ಇದನ್ನೆಲ್ಲ ನೋಡುತ್ತಿದ್ದರು. "ಅದೇ ಬೀದಿ, ಅದೇ ಸೈಕಲ್ಲು. ದಿನಾ ಅಳೀತೀರಲ್ಲ, ಬೀದಿ ಏನು ಬೆಳೀತಾ ಇದ್ಯಾ?" ಎಂದು ಒಂದು ಸಂಜೆ ಕೇಳಿದಾಗ ಸೊಸೆ ಕೇಳಿಸದವಳಂತೆ ಬೂದನ ನೀರಿನ ಬಟ್ಟಲು ತೊಳೆಯತೊಡಗಿದಳು. ಅದು ತೊಳೆದೇ ಇತ್ತು.

ಒಂದು ಮಧ್ಯಾಹ್ನ ಟೈರು ಬದಲಾಯಿಸಿದ್ದರಿಂದ ಚಕ್ರವನ್ನು ಹೊಸದಾಗಿ ಅಳೆಯಬೇಕಾಗಿ ಬಂತು. ಬೆಲ್ಲಣ್ಣ ಟೇಪನ್ನು ಕೈ ನೀಡಿದಷ್ಟೂ ದೂರ ಹಿಡಿದು, ಕತ್ತು ಹಿಂದಕ್ಕೆ ಎಳೆದುಕೊಂಡು, ಕಣ್ಣು ಕಿರಿದು ಮಾಡಿ ಓದಿದ. "ಇನ್ನೂರ ಎಪ್ಪತ್ತೇಳು. ಅದೇ ಲೆಕ್ಕ ಮೇಡಂ, ಏನೂ ವ್ಯತ್ಯಾಸ ಇಲ್ಲ."

ಆ ಕೈ, ಆ ಕತ್ತು, ಆ ಕಣ್ಣು. ಇಂಥವರನ್ನು ಅವಳು ದಿನಬೆಳಗಾದರೆ ನೋಡುತ್ತಾಳೆ. "ಇಲ್ಲಿ ಕೊಡಿ," ಎಂದು ಟೇಪು ಇಸಿದುಕೊಂಡು ನೋಡಿದಳು. ಇನ್ನೂರ ಹದಿನೇಳು.

"ಬೆಲ್ಲಣ್ಣ, ಮೊದಲ ದಿನಾನೂ ನೀವೇ ಓದಿದ್ದಲ್ವಾ?"

"ಹೂಂ. ಅವತ್ತೂ ಎಪ್ಪತ್ತೇಳೇ ಇತ್ತಲ್ಲ."

"ಒಂದನ್ನ ಏಳು ಅಂತ ಓದಿದೀರ! ಅರ್ಧ ಕಿಲೋಮೀಟರು ಅಂತ ನಡೆಸಿದ್ದು ನಾನೂರು ಮೀಟರೂ ಇರ್ಲಿಲ್ಲ!"

ಬೆಲ್ಲಣ್ಣನ ಮುಖ ಗಾಳಿ ಹೋದ ಟ್ಯೂಬಿನಂತಾಯಿತು. "ಅಯ್ಯೋ, ಕಾಲಿಗೇನಾದ್ರೂ..." ಎಂದು ಬೂದನ ಮುಂದೆ ಕುಕ್ಕರಗಾಲಲ್ಲಿ ಕೂತು ಆ ಸಣಕಲು ಕಾಲನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ. ಬೂದ ಅವನ ಕಿವಿ ನೆಕ್ಕಿತು. ಕಾಲಿಗೇನೂ ಆಗಿರಲಿಲ್ಲ. ನಿಜ ಹೇಳಬೇಕೆಂದರೆ ಕಾಲು ಹಿಂದಿನ ವಾರಕ್ಕಿಂತ ಗಟ್ಟಿಯಾಗಿತ್ತು. ಅಷ್ಟು ಹೊತ್ತು ಅವನು ಆ ಕಾಲನ್ನು ಹಿಡಿದುಕೊಂಡೇ ಇದ್ದದ್ದನ್ನು ನೋಡಿ ಕನ್ನಡಕದಕ್ಕನಿಗೆ ಬಂದ ಕೋಪ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

"ಏಳಿ, ಬನ್ನಿ ಅಂಗಡಿಗೆ," ಅಂದಳು.

ಅಕ್ಷರದ ಹಲಗೆಯ ಮುಂದೆ ಕೂರಿಸಿದಳು. ಆಮೇಲೆ ಸಣ್ಣ ಅಕ್ಷರದ ರಟ್ಟನ್ನು ಕೈಗೆ ಕೊಟ್ಟು, ಒಂದೊಂದೇ ಗಾಜು ಬದಲಿಸುತ್ತ, "ಇದರಲ್ಲಿ ಚೆನ್ನಾಗಿ ಕಾಣುತ್ತಾ, ಇದರಲ್ಲಾ?" ಎಂದು ಕೇಳಿದಳು. ಅವನು ಪರೀಕ್ಷೆಗೆ ಕೂತ ಹುಡುಗನಂತೆ ಬೆವರುತ್ತ, "ಎರಡರಲ್ಲೂ ಚೆನ್ನಾಗಿದೆ ಮೇಡಂ," ಎನ್ನುತ್ತಿದ್ದ. ಮೂರನೆಯ ದಿನ ಕನ್ನಡಕ ಸಿದ್ಧವಾಯಿತು. ಅವಳೇ ತೊಡಿಸಿ, ಕಿವಿಯ ಹಿಂದೆ ಸರಿಯಾಗಿ ಕೂತಿದೆಯೇ ಎಂದು ಬಗ್ಗಿ ನೋಡುವಾಗ ಬೆಲ್ಲಣ್ಣ ಕಣ್ಣರಳಿಸಿದ.

"ಮೇಡಂ, ನಿಮ್ಮ ಗಲ್ಲದ ಮೇಲೆ ಒಂದು ಮಚ್ಚೆ ಇದೆ!"

"ಹುಟ್ಟಿದಾಗಿಂದ ಇದೆ."

"ನನಗೆ ಇವತ್ತೇ ಗೊತ್ತಾಗಿದ್ದು," ಅಂದ ಅವನು, ತಾನು ಏನು ಹೇಳುತ್ತಿದ್ದೇನೆಂದು ಹೊಳೆಯುವ ಮೊದಲೇ. ಹೊಳೆದ ಮೇಲೆ ಕಿವಿ ಕೆಂಪಾಗಿ, ಹಣೆಯನ್ನು ಬಾಗಿಲಿನ ಚೌಕಟ್ಟಿಗೆ ಬಡಿದುಕೊಂಡು ಹೊರಟುಹೋದ.

ಮರುದಿನವೇ ಅವನು ಹೊಸ ಕಣ್ಣಿನಿಂದ ಬೀದಿಯನ್ನೆಲ್ಲ ಒಮ್ಮೆಲೇ ಅಳೆದು ಮುಗಿಸಿದ. ಕಾಲುವೆಯ ಸೇತುವೆಯವರೆಗೆ ಕಂಬಕಂಬಕ್ಕೂ ಗೆರೆ ಎಳೆದ. ಒಂದೂ ಎಣಿಕೆ ತಪ್ಪಲಿಲ್ಲ. "ಇನ್ನು ನಿಮಗೆ ಸೈಕಲ್ಲಿನ ಅಗತ್ಯ ಇಲ್ಲ ಮೇಡಂ. ಗೆರೆ ನೋಡ್ಕೊಂಡು ನಡೆದ್ರೆ ಆಯ್ತು," ಎಂದ. ಒಳ್ಳೆಯ ಕೆಲಸ ಮಾಡಿದವನ ಮುಖವಾಗಿರಲಿಲ್ಲ ಅದು. ಅವಳೂ, "ತುಂಬಾ ಉಪಕಾರ ಆಯ್ತು," ಎಂದಳು. ಉಪಕಾರ ಆದವಳ ದನಿಯಾಗಿರಲಿಲ್ಲ.

ಆ ಸಂಜೆ ಅವಳೂ ಬೂದನೂ ಇಬ್ಬರೇ ಹೊರಟರು. ಗೆರೆಗಳೇನೋ ಚೆನ್ನಾಗಿ ಕಾಣುತ್ತಿದ್ದವು. ಆದರೆ ಬೇಕರಿಯ ಬಾಗಿಲಲ್ಲಿ ಕೇಳಿದ ಒಂದು ತಮಾಷೆಯ ಮಾತನ್ನು ಯಾರಿಗಾದರೂ ಹೇಳೋಣವೆಂದು ಪಕ್ಕಕ್ಕೆ ತಿರುಗಿದಳು, ಪಕ್ಕದಲ್ಲಿ ಯಾರೂ ಇರಲಿಲ್ಲ. ಗಂಡ ಹೋದ ಮೊದಲ ವರ್ಷ ಹೀಗೆ ಎಷ್ಟು ಸಲ ತಿರುಗಿದ್ದಳೋ. ಆಮೇಲೆ ಆ ಅಭ್ಯಾಸ ಬಿಟ್ಟುಹೋಗಿತ್ತು. ಅದು ಯಾವಾಗ ಮತ್ತೆ ಬಂತು ಎಂದು ಅವಳು ಬೀದಿಯ ನಡುವೆ ನಿಂತು ಯೋಚಿಸಿದಳು. ಆಮೇಲೆ ಹಗ್ಗ ಎಳೆದು ಬಂದ ದಾರಿಯಲ್ಲೇ ತಿರುಗಿದಳು.

ಬೆಲ್ಲಣ್ಣ ಮಗುವಿನ ಸೈಕಲ್ಲೊಂದಕ್ಕೆ ಗಾಳಿ ಹೊಡೆಯುತ್ತಿದ್ದ. ಅವಳನ್ನು ನೋಡಿ ಗಾಬರಿಯಿಂದ ಎದ್ದ. "ಕಾಲು ನೋವಾಯ್ತಾ?"

"ಕಾಲಿಗೇನೂ ಆಗಿಲ್ಲ."

"ಮತ್ತೆ? ಗೆರೆ ತಪ್ಪಾಗಿದ್ಯಾ? ಸೈಕಲ್ ತರ್ಲಾ?"

"ಸೈಕಲ್ ಬೇಡ," ಅಂದಳು ಅವಳು. "ನೀವು ಬನ್ನಿ ಸಾಕು."

ಅವನು ಕೈ ಒರೆಸಿಕೊಂಡ. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ. ಆಮೇಲೆ ಅಂಗಡಿಯ ಶಟರನ್ನು ಅರ್ಧಕ್ಕೆ ಎಳೆದು ಬಂದ. ಅಂದು ಸೇತುವೆ ದಾಟಿ ಗೆರೆಗಳೇ ಇಲ್ಲದ ಕಡೆಗೆ ಸ್ವಲ್ಪ ದೂರ ಹೋಗಿಬಂದರು.

ಹಾಗೆ ಒಂದು ತಿಂಗಳು ನಡೆದ ಮೇಲೆ ಅತ್ತೆ ಸೊಸೆಯನ್ನು ಎದುರಿಗೆ ಕೂರಿಸಿಕೊಂಡರು. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡುವ ಜಾಯಮಾನ ಅವರದಲ್ಲ.

"ಅವನನ್ನ ನೀನು ಏನಂತ ಕರೀತೀಯ?"

"ಎಲ್ಲರೂ ಕರೆಯೋ ಹಾಗೇ. ಬೆಲ್ಲಣ್ಣ."

"ಬೆಲ್ಲ ಇರ್ಲಿ. ಅಣ್ಣ ಬಿಡು," ಅಂದರು ಅತ್ತೆ.

ಸೊಸೆಗೆ ನಗುವೂ ಬಂತು, ಕಣ್ಣೀರೂ ಬಂತು. "ಅತ್ತೆ, ನಿಮ್ಮ ಮಗ..."

"ನನ್ನ ಮಗ ಹೋದ ಕಣೇ. ನನ್ನ ಹೊಟ್ಟೆಯ ಸಂಕಟ ನನಗೆ ಗೊತ್ತು. ಆದ್ರೆ ನೀನು ಹೋಗಿಲ್ವಲ್ಲ. ಊರಿಗೆಲ್ಲ ಕಣ್ಣು ಕೊಡ್ತೀಯ, ನಿನ್ನ ಮೂಗಿನ ಮುಂದೆ ಇರೋದು ನಿನಗೆ ಕಾಣಲ್ವಾ?"

"ನಿಮ್ಮನ್ನ ಬಿಟ್ಟು ನಾನೆಲ್ಲಿಗೂ ಹೋಗಲ್ಲ."

"ಬಿಡು ಅಂದೋರು ಯಾರು? ಅವನೇ ಇಲ್ಲಿಗೆ ಬರ್ಲಿ. ಆ ಟೈರಿನ ಕೋಣೇಲಿ ಏನಿದೆ ಅಂತ ಅಲ್ಲಿರ್ಬೇಕು? ನನಗೂ ಈ ಕುರ್ಚಿ ಕಿರುಗುಟ್ಟೋದಕ್ಕೆ ಎಣ್ಣೆ ಹಾಕೋರು ಒಬ್ರು ಬೇಕು."

ಭಾನುವಾರ ಅತ್ತೆಯೇ ಬೆಲ್ಲಣ್ಣನನ್ನು ಚಹಾಕ್ಕೆ ಕರೆಸಿ ನೇರವಾಗಿ ಕೇಳಿದರು. ಅವನು ಚಹಾದ ಬಟ್ಟಲನ್ನು ಕೆಳಗಿಟ್ಟ. ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿಕೊಂಡು, "ಮೇಡಂ ಒಪ್ಪಿದ್ರೆ..." ಎಂದ.

"ಮೊದಲು ಆ ಮೇಡಂ ಬಿಡಿ," ಎಂದು ಅಡುಗೆಮನೆಯ ಬಾಗಿಲಿನಿಂದ ಉತ್ತರ ಬಂತು.

ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ ಮದುವೆಯಾದರು. ಅವನ ತಂಗಿಯರೆಲ್ಲ ಬಂದು ಟೈರಿನ ಕೋಣೆಯನ್ನು ಖಾಲಿ ಮಾಡಿಕೊಟ್ಟು, ಕನ್ನಡಕದ ಅಂಗಡಿಯಲ್ಲಿ ಒಬ್ಬೊಬ್ಬರೂ ಕಣ್ಣು ಪರೀಕ್ಷೆ ಮಾಡಿಸಿಕೊಂಡು, ಅತ್ತಿಗೆಯನ್ನು ಹೊಗಳಿ ಹೋದರು.

ಆಮೇಲಿನ ಭಾನುವಾರ ನಾಲ್ವರೂ ಕಾಲುವೆಯ ದಂಡೆ ಹಿಡಿದು ಹೊರಟರು. ಸೇತುವೆಯವರೆಗೆ ಅತ್ತೆ ಹಟ ಮಾಡಿ ನಡೆದರು. ಅಲ್ಲಿ ಮಂಡಿ ಕೈಕೊಟ್ಟಿತು. ಬೆಲ್ಲಣ್ಣ ಹೋಗಿ ಸೈಕಲ್ಲು ತಂದು, ಹಿಂದಿನ ಕ್ಯಾರಿಯರಿಗೆ ದಿಂಬು ಕಟ್ಟಿ ಅವರನ್ನು ಕೂರಿಸಿದ. ಅವನು ತಳ್ಳಿದ, ಸೊಸೆ ಅವರ ಬೆನ್ನಿಗೆ ಕೈ ಕೊಟ್ಟು ಪಕ್ಕದಲ್ಲಿ ನಡೆದಳು. ನೀರಿನ ಮೇಲೆ ಬಿಸಿಲು ಬಿದ್ದಿತ್ತು. ದಂಡೆಯ ಹುಲ್ಲಿನಿಂದ ಬಿಳಿ ಹಕ್ಕಿಗಳ ಹಿಂಡೊಂದು ಎದ್ದಿತು. ಬೂದ ಕಿವಿ ನಿಮಿರಿಸಿ, ಒಂದು ಕ್ಷಣ ನಿಂತು, ಹಗ್ಗವನ್ನು ಕೈಯಿಂದ ಕಿತ್ತುಕೊಂಡು ಓಡಿತು. ಕುಂಟಲಿಲ್ಲ. ನಾಲ್ಕೂ ಕಾಲಲ್ಲಿ, ಹಕ್ಕಿಗಳ ಹಿಂದೆ, ದಂಡೆಯುದ್ದಕ್ಕೂ.

"ಓಡೋ, ಓಡೋ!" ಎಂದು ಅತ್ತೆ ಕ್ಯಾರಿಯರಿನ ಮೇಲಿನಿಂದ ಕೂಗಿದರು. "ನೀನೂ ಜೋರಾಗಿ ತಳ್ಳೋ ಬೆಲ್ಲ, ಅವನು ಕಣ್ಣಿಗೆ ಕಾಣದ ಹಾಗೆ ಹೋಗ್ತಾ ಇದಾನೆ!"