ಹಿಡಿ ಕೊಯ್ದ ರ‍್ಯಾಚೆಟ್ಟು

ಅಂತ್ಯಸಂಸ್ಕಾರದ ಏರ್ಪಾಡು ನೋಡಿಕೊಳ್ಳುವ ಹೆಂಗಸು ಬಿಳಿ ಕೈಗವಸಿನ ಕೈಯನ್ನು ಸೇವಂತಿಗೆಗಳ ನಡುವೆ ತೂರಿಸಿ, ಹೆಣದ ಮೊಣಕೈ ಪಕ್ಕದಿಂದ, ಬೋಲ್ಟು ಬಿಗಿಯುವ ಮತ್ತೊಂದು ರ‍್ಯಾಚೆಟ್ಟನ್ನು ಹೊರಗೆಳೆದಳು. ಆಗಲೇ ಎರಡು ಸಿಕ್ಕಿದ್ದವು.

“ಯಾರ್ರೀ ಇವನ್ನ ಪೆಟ್ಟಿಗೇಲಿ ಬಚ್ಚಿಟ್ಟಿದ್ದು? ಕಬ್ಬಿಣ ಹಾಕ್ಬೇಡಿ ಅಂತ ನಿನ್ನೆನೇ ಹೇಳಿದ್ನಲ್ಲ. ಇದು ಉರಿಯಲ್ಲ, ಕುಲುಮೆ ಹಾಳಾಗುತ್ತೆ.”

ಸುತ್ತ ನಿಂತಿದ್ದ ಮೀನುಗಾರರು ನೆಲ ನೋಡಿದರು. ಯಾರ ಮೈಮೇಲಿನ ಕರಿ ಕೋಟೂ ಅವರವರ ಅಳತೆಯದಾಗಿರಲಿಲ್ಲ. ಕೊನೆಗೆ ಬೊಂಡಾಸ ಮೀನು ಹಿಡಿಯುವ ದೋಣಿಯ ಒಡೆಯ ಗೆಂಗೋ ಗಂಟಲು ಸರಿಮಾಡಿಕೊಂಡ.

“ಈಗ ತೆಗೆದ್ರಲ್ಲ, ಅದು ನಂದು ಕಣಮ್ಮ. ಬರಿಗೈಲಿ ಹೆಂಗ್ ಕಳ್ಸೋದು? ಆ ಲೋಕದಲ್ಲೇನು ಬೋಲ್ಟ್ ಇರಲ್ವಾ?”

“ಇದ್ರೂ ಸಡಿಲ ಆಗಿರಲ್ಲ ಬಿಡಿ,” ಎಂದು ಆಕೆ ಅದನ್ನೂ ತಟ್ಟೆಗೆ ಹಾಕಿದಳು. ಯಾರೋ ನಕ್ಕರು, ನಕ್ಕದ್ದಕ್ಕೆ ನಾಚಿ ಕೆಮ್ಮಿದರು.

ಬಾಗಿಲ ಬಳಿ ನಿಂತಿದ್ದ ಇವಾಬುಚಿಗೆ ನಗು ಬರಲಿಲ್ಲ. ಪತ್ರಿಕೆಯ ಕೊನೆಯ ಪುಟದ ಸಾವಿನ ಸುದ್ದಿಯಲ್ಲಿ ತೋಕುಜಿಯ ಹೆಸರು ನೋಡಿ ಬಸ್ಸು ಹತ್ತಿ ಬಂದವನು, ಒಂದು ಊದುಬತ್ತಿ ಹಚ್ಚಿ ಯಾರ ಕಣ್ಣಿಗೂ ಬೀಳದೆ ಹೊರಟುಬಿಡಬೇಕೆಂದಿದ್ದ. ಈಗ ಅವನ ಕಣ್ಣು ತಟ್ಟೆಯ ಮೇಲೆ ನೆಟ್ಟಿತು. ಮೂರನೆಯದಕ್ಕೆ ಹಿಡಿಯೇ ಇರಲಿಲ್ಲ. ಹೆಬ್ಬೆರಳಿನಷ್ಟು ಮೋಟು ಉಳಿಸಿ ಉಳಿದದ್ದನ್ನು ಕೊಯ್ದು, ಮೋಟಿನ ತುದಿಗೊಂದು ಉಂಗುರ ಬೆಸೆದು, ಅದಕ್ಕೆ ಬಲೆಯ ಹುರಿ ಸುತ್ತಿತ್ತು. ಹಾಗಿದ್ದರೂ ಅದರ ತಲೆಯನ್ನು ಅವನು ಎಲ್ಲಿ ಕಂಡರೂ ಗುರುತು ಹಿಡಿಯುತ್ತಿದ್ದ.

ಬಿಳಿ ಕರವಸ್ತ್ರ ಹಿಡಿದ ಹೆಂಗಸೊಬ್ಬಳು ಹತ್ತಿರ ಬಂದು ತಲೆಬಾಗಿದಳು. “ನಾನು ತೋಕುಜಿಯ ತಂಗಿ, ಸಾನಾಯೆ. ನೀವು ಅಣ್ಣನಿಗೆ…?”

ಸ್ನೇಹಿತ ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತಿತು. “ಹಳೇ ಪರಿಚಯ,” ಎಂದ.

“ಬೇರೆ ನೆಂಟರು ಯಾರೂ ಇಲ್ಲ. ಮುಗಿಯೋವರೆಗೂ ಇರಿ, ದಯವಿಟ್ಟು,” ಎಂದು ಆಕೆ ಇನ್ನೊಮ್ಮೆ ಬಾಗಿದಳು. ಅಷ್ಟು ಬಾಗಿದ ಮೇಲೆ ಹೋಗುತ್ತೇನೆ ಎನ್ನಲಾಗಲಿಲ್ಲ.

*

ಅವರಿಬ್ಬರ ಪರಿಚಯ ಆದದ್ದು ಹಚಿನೋಹೆ ಬಂದರಿನ ಭಾನುವಾರದ ಸಂತೆಯಲ್ಲಿ, ಗುಜರಿ ಕಬ್ಬಿಣ ಮಾರುವವನ ಗೋಣಿತಾಟಿನ ಮುಂದೆ. ತುಕ್ಕು ಹಿಡಿದ ಸ್ಪ್ಯಾನರುಗಳ ರಾಶಿಯಲ್ಲಿ ಒಂದೇ ರ‍್ಯಾಚೆಟ್ಟಿಗೆ ಎರಡು ಕಡೆಯಿಂದ ಎರಡು ಕೈ ಬಿದ್ದವು. ಒಂದು ಬಸ್ ಡಿಪೋದ ಮೆಕ್ಯಾನಿಕ್ ಇವಾಬುಚಿಯದು. ಇನ್ನೊಂದು ದೋಣಿಗಳ ಎಂಜಿನ್ ರಿಪೇರಿ ಮಾಡುವ ತೋಕುಜಿಯದು. ಆ ಕೈಯ ಗೆಣ್ಣುಗಳೆಲ್ಲ ಜಜ್ಜಿಹೋಗಿದ್ದವು.

ತೋಕುಜಿ ಬಿಟ್ಟುಕೊಟ್ಟ. ಕೊಡುವ ಮುಂಚೆ ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಮೆಲ್ಲಗೆ ತಿರುಗಿಸಿದ. ಕಿರ್ರ್ ಎಂದಿತು. “ಒಳಗಿನ ಚಕ್ರಕ್ಕೆ ಹಲ್ಲು ಮೂವತ್ತಾರು. ಒಂದು ಸವೆದಿದೆ,” ಎಂದ. ಇವಾಬುಚಿ ಮನೆಗೆ ಹೋಗಿ ಬಿಚ್ಚಿ ನೋಡಿದರೆ ಮಾತು ನಿಜ. ಮುಂದಿನ ಭಾನುವಾರ ಅದನ್ನು ಹೇಳಲೆಂದೇ ಸಂತೆಗೆ ಹೋದ.

ಆಮೇಲೆ ಭಾನುವಾರಗಳಿಗೆ ಒಂದು ಆಕಾರ ಬಂತು. ಇವಾಬುಚಿಯ ಹೆಂಡತಿ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ತೋಕುಜಿ ಮದುವೆಯ ಗೋಜಿಗೇ ಹೋದವನಲ್ಲ. ಸಂತೆ ಸುತ್ತಿ, ಸಿಕ್ಕಿದ್ದನ್ನು ಪತ್ರಿಕೆಯಲ್ಲಿ ಸುತ್ತಿಕೊಂಡು, ಬಲೆಗೋದಾಮಿನ ಮೇಲಿದ್ದ ತೋಕುಜಿಯ ಕೋಣೆಗೆ ಹೋಗುವರು. ಒಲೆಯ ಮೇಲೆ ಸಾರು ಕುದಿಯುತ್ತಿರುತ್ತಿತ್ತು. ಅದಕ್ಕೆ ಗೋಧಿಯ ಸೆಂಬೆ ಹಪ್ಪಳ ಮುರಿದು ಹಾಕಿ, ಅದು ಮೆತ್ತಗಾಗುವ ತನಕ ಇಬ್ಬರೂ ತಂದದ್ದನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಹಲ್ಲು ಎಣಿಸುವರು.

ಇವಾಬುಚಿ ತನ್ನವನ್ನು ಹೊಳೆಯುವ ಹಾಗೆ ಉಜ್ಜಿ ಮನೆಯ ಗಾಜಿನ ಕಪಾಟಿನಲ್ಲಿಡುತ್ತಿದ್ದ. ತೋಕುಜಿ ಯಾವುದನ್ನೂ ಇದ್ದ ಹಾಗೆ ಇರಗೊಡುತ್ತಿರಲಿಲ್ಲ. ಒಂದರ ಹಿಡಿ ಕಾಯಿಸಿ ಬಗ್ಗಿಸುವನು, ಒಂದರ ತಲೆ ಅರದಿಂದ ತೆಳ್ಳಗೆ ಮಾಡುವನು, ಎರಡನ್ನು ಕೊಯ್ದು ಒಂದು ಮಾಡುವನು. ದೋಣಿಯ ಎಂಜಿನ್ ಕೋಣೆಯೆಂದರೆ ಬೆಕ್ಕು ನುಸುಳಲೂ ಇಕ್ಕಟ್ಟು. ಅಂಗಡಿಯ ಸಾಮಾನು ಅಲ್ಲಿಗೆ ಒಗ್ಗುವುದಿಲ್ಲ.

“ನಿಮ್ಮ ಮನೆ ಸ್ಮಶಾನ ಕಣ್ರೀ,” ಎಂದು ತೋಕುಜಿ ಛೇಡಿಸುತ್ತಿದ್ದ. “ಒಳ್ಳೊಳ್ಳೇವನ್ನ ತಗೊಂಡ್ಹೋಗಿ ಗಾಜಿನ ಗೋರಿಗೆ ಹಾಕ್ತೀರಿ.”

“ನೀನು ಕಟುಕ. ನಿನ್ನ ಕೈಗೆ ಸಿಕ್ಕಿದ್ದಕ್ಕಿಂತ ನನ್ನ ಗೋರಿನೇ ಮೇಲು.”

“ಕಟುಕನ ಮನೇಲೇ ಸಾರು ರುಚಿ. ಇನ್ನೊಂದು ಸೌಟು ಹಾಕ್ಲಾ?”

*

ಕುಲುಮೆಯ ಬಾಗಿಲು ಮುಚ್ಚಿದ ಮೇಲೆ ಎಲ್ಲರೂ ಕಾಯುವ ಕೋಣೆಗೆ ಬಂದರು. ಚಹಾ ಇತ್ತು, ಅನ್ನದ ಉಂಡೆಗಳಿದ್ದವು, ಯಾರಿಗೂ ಹಸಿವಿರಲಿಲ್ಲ. ಮೀನುಗಾರರು ಒಂದು ಕಡೆ ಗುಂಪಾಗಿ ಈ ಸಲ ನೀರು ಬಿಸಿಯಾಗಿರುವುದನ್ನೂ ಬೊಂಡಾಸ ಉತ್ತರಕ್ಕೆ ಸರಿದಿರುವುದನ್ನೂ ಪಿಸುದನಿಯಲ್ಲಿ ಮಾತಾಡತೊಡಗಿದರು. ಇವಾಬುಚಿ ಕಿಟಕಿಯ ಬಳಿ ಕೂತ. ಸಾನಾಯೆ ಚಹಾ ತಂದು ಮುಂದಿಟ್ಟು ತಾನೂ ಕೂತಳು. ಮೊರಿಯೋಕಾದಲ್ಲಿ ಕ್ಷೌರದಂಗಡಿ ನಡೆಸುವವಳಂತೆ. ಕೂತಲ್ಲಿಂದಲೇ ಅವನ ಕತ್ತಿನ ಹಿಂದಿನ ಕೂದಲನ್ನು ಒಮ್ಮೆ ನೋಡಿ ಕಣ್ಣು ತಿರುಗಿಸಿದಳು.

“ನಿನ್ನೆ ಅವನ ಕೋಣೆಗೆ ಹೋಗಿದ್ದೆ,” ಎಂದಳು. “ಗೋಡೆ ತುಂಬ ಮೊಳೆ. ಒಂದ್ರಲ್ಲೂ ಏನೂ ಇಲ್ಲ. ಜೀವಮಾನ ಎಲ್ಲಾ ಆ ಹಾಳು ಸಾಮಾನು ಕೂಡಿಹಾಕ್ದೋನು. ಕಳ್ಳರು ಬಿದ್ದಿದಾರೆ ಅಂದ್ಕೊಂಡೆ.”

ಗೆಂಗೋ ಕೇಳಿಸಿಕೊಂಡು ಚಾಪೆಯ ಮೇಲೆ ಸರಿದು ಬಂದ. “ಕಳ್ಳರು ನಾವೇ ಅಕ್ಕಾ. ಎಲ್ಲಾ ದೋಣಿಗಳಲ್ಲಿವೆ. ಒಂದೊಂದು ಎಂಜಿನ್ನಿಗೂ ಅದರದ್ದೇ ಅಂತ ಒಂದು ಮಾಡಿ ನೇತು ಹಾಕಿ ಹೋಗ್ತಿದ್ದ. ಮೊನ್ನೆ ನಾನು ಅವನ ಕೋಣೆಗೆ ಹೋದಾಗ್ಲೂ ಅರ ಕೈಲೇ ಇತ್ತು. ಮೇಜಿಗೆ ತಲೆ ಆನಿಸಿ ನಿದ್ದೆ ಮಾಡ್ತಿದಾನೆ ಅಂತ ಬೈದೆ, ಪಾಪಿ ನಾನು.”

ಯಾರೋ ಅವನ ಲೋಟಕ್ಕೆ ಚಹಾ ಬಗ್ಗಿಸಿದರು.

“ಫೋನ್ ಮಾಡಿದ್ರೆ ಹೂಂ ಅನ್ನೋನು, ಅಷ್ಟೇ,” ಎಂದಳು ಸಾನಾಯೆ. “ಒಬ್ಬನೇ ಏನ್ ಮಾಡ್ತೀಯೋ ಅಂದ್ರೆ, ಭಾನುವಾರ ಒಬ್ಬರು ಬರ್ತಾರೆ ಅಂತಿದ್ದ. ನಂಗೆ ಒಂಥರಾ ಸಮಾಧಾನ. ಆಮೇಲೆ ಹೊಸ ವರ್ಷಕ್ಕೆ ಕೇಳಿದ್ರೆ, ಅವರಿಗೀಗ ಪುರುಸೊತ್ತಿಲ್ಲ ಅಂದ. ಮಾರನೇ ವರ್ಷ ಕೇಳಿದ್ರೂ ಅದೇ. ಪುರುಸೊತ್ತಿಲ್ಲ, ಮುಂದೆ ಬರ್ತಾರೆ ಅಂತ. ಯಾರೋ ಏನೋ. ಇವತ್ತೂ ಪುರುಸೊತ್ತಾಗಲಿಲ್ಲವೇನೋ.”

ಇವಾಬುಚಿ ಚಹಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅದು ಸುಡುತ್ತಿತ್ತು. ಕೆಳಗಿಡಲಿಲ್ಲ.

*

ಮಹಾಯುದ್ಧಕ್ಕೂ ಮುಂಚೆ, ವಿಮಾನದ ಎಂಜಿನ್ ಬಿಚ್ಚಲೆಂದು ಎಲ್ಲೋ ಒಂದು ಸಣ್ಣ ಕಾರ್ಖಾನೆಯಲ್ಲಿ ಮಾಡಿದ ರ‍್ಯಾಚೆಟ್ಟುಗಳ ಜೋಡಿ ಅದು. ತಲೆ ಬಿಲ್ಲೆಯ ಹಾಗೆ ತೆಳ್ಳಗೆ, ಒಳಗೆ ಕೂದಲೆಳೆಯಂಥ ಹಲ್ಲು. ಹಿಡಿ ಒಂದಿಷ್ಟೇ ಅಲ್ಲಾಡಿದರೂ ಸಾಕು, ಬೋಲ್ಟು ಮುಂದಕ್ಕೆ ಸರಿಯುತ್ತಿತ್ತು. ಸೆಂದಾಯಿಯ ಒಬ್ಬ ಮುದುಕನ ಬೆನ್ನುಹತ್ತಿ ಇವಾಬುಚಿ ಅವೆರಡನ್ನೂ ಸಂಪಾದಿಸಿದ್ದ. ಒಂದನ್ನು ಕಪಾಟಿನಲ್ಲಿಟ್ಟ. ತೋಕುಜಿಗೆ ಅರವತ್ತು ತುಂಬಿದ ದಿನ ಇನ್ನೊಂದನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಅವನ ಕೈಗಿಟ್ಟ. ತೋಕುಜಿ ಅದನ್ನು ಕಿವಿಗೆ ಹಿಡಿದು ತಿರುಗಿಸಿದ. ಬಹಳ ಹೊತ್ತು ತಿರುಗಿಸುತ್ತಲೇ ಇದ್ದ. “ಎಣಿಸೋಕಾಗಲ್ಲ,” ಎಂದ ಕೊನೆಗೆ. “ರೇಷ್ಮೆ ಹರಿದ ಹಾಗಿದೆ.” ಅವನ ಕಣ್ಣಿನಲ್ಲಿ ನೀರು ಕಂಡದ್ದು ಅದೊಂದೇ ಸಲ.

ಬೇಸಗೆ ಕಳೆದು ಒಂದು ಭಾನುವಾರ ಇವಾಬುಚಿ ತೋಕುಜಿಯ ಕೋಣೆಯಲ್ಲಿ ಬೂದಿ ತುಂಬುವ ಡಬ್ಬಿಯೊಳಗೆ ಕಬ್ಬಿಣದ ತುಂಡೊಂದನ್ನು ನೋಡಿದ. ಎತ್ತಿಕೊಂಡ. ಗರಗಸದ ಗೀರು ಹೊಸದಾಗಿ ಹೊಳೆಯುತ್ತಿತ್ತು. ಕಾರ್ಖಾನೆಯ ಮುದ್ರೆಯಲ್ಲಿ ಅರ್ಧ ಮಾತ್ರ ಉಳಿದಿತ್ತು.

“ಇದೇನಿದು?”

“ಉದ್ದ ಆಯ್ತು. ಕೊಯ್ದೆ.”

“ಉಳಿದದ್ದು?”

“ಸಮುದ್ರಕ್ಕೆ ಹೋಗಿದೆ. ಕೂತ್ಕೊಳ್ಳಿ, ಸಾರು ಆಗಿದೆ.”

ಇವಾಬುಚಿ ಕೂರಲಿಲ್ಲ. ಏನೇನು ಅಂದನೋ ಅವನಿಗೀಗ ನೆನಪಿಲ್ಲ. ತೋಕುಜಿ ಸೌಟು ಹಿಡಿದು ನಿಂತೇ ಇದ್ದದ್ದು, ಒಂದಕ್ಕೂ ಎದುರು ಹೇಳದೆ ಇದ್ದದ್ದು ನೆನಪಿದೆ. ಮೆಟ್ಟಿಲಿಳಿಯುವಾಗ ಸಾರಿನ ವಾಸನೆ ಬೀದಿಯ ತನಕ ಬಂದಿತ್ತು.

ಆಮೇಲೆ ಸಂತೆಯಲ್ಲಿ ಒಬ್ಬರಿಗೊಬ್ಬರು ಕಾಣುತ್ತಿದ್ದರು. ತೋಕುಜಿ ಆ ತುದಿಯಿಂದ ಕೈ ಎತ್ತುವನು. ಇವಾಬುಚಿ ಮೀನಿನ ಕಡೆ ನೋಡುವನು. ಕೈ ಎತ್ತುವುದನ್ನು ತೋಕುಜಿ ಎಂದೂ ನಿಲ್ಲಿಸಲಿಲ್ಲ. ಕೊನೆಗೆ ಇವಾಬುಚಿಯೇ ಸಂತೆಗೆ ಹೋಗುವುದನ್ನು ನಿಲ್ಲಿಸಿದ. ಹತ್ತು ವರ್ಷದ ಮೇಲಾಯಿತು. ಭಾನುವಾರ ಅವನು ಕಪಾಟಿನ ಗಾಜು ಒರೆಸುತ್ತಾನೆ, ಟಿವಿ ಹಚ್ಚುತ್ತಾನೆ, ಬೇಗ ಮಲಗುತ್ತಾನೆ.

*

ಗೆಂಗೋ ತಟ್ಟೆಯಲ್ಲಿದ್ದ ಮೂರನ್ನೂ ಕರವಸ್ತ್ರದಲ್ಲಿ ಕಟ್ಟಿಕೊಳ್ಳುತ್ತಿದ್ದ. ಇವಾಬುಚಿ ತಡೆಯಲಾರದೆ ಕೈ ಚಾಚಿದ. “ಆ ಮೋಟು, ಒಂದ್ಸಲ ಕೊಡಿ ಇಲ್ಲಿ.”

ಗೆಂಗೋ ಕೊಟ್ಟ. ಕೊಟ್ಟು ಮುಖ ನೋಡಿದ. “ಯಜಮಾನ್ರೇ, ಇದನ್ನ ಕೊಟ್ಟೋರು ನೀವೇನಾ? ಬಸ್ ಡಿಪೋದೋರು?”

“ಅವನು ಹೇಳಿದ್ನಾ?”

“ಇದನ್ನ ನೇತು ಹಾಕುವಾಗ ಹೇಳ್ದ. ಇದನ್ನ ಕಳೆದ್ರೆ ನಿನ್ನ ಸಮುದ್ರಕ್ಕೆ ಎಸೀತೀನಿ, ಇದನ್ನ ಕೊಟ್ಟೋರೊಬ್ರೇ ನನಗಿರೋ ಸ್ನೇಹಿತರು ಅಂತ.” ಗೆಂಗೋ ತನ್ನ ಎಡಗೈ ಎತ್ತಿ ಕೊನೆಯ ಎರಡು ಬೆರಳು ಮಡಚಿದ. “ನನ್ನ ತಮ್ಮಂಗೆ ಇವೆರಡಿಲ್ಲ. ನೀರಿನ ಪಂಪಿನ ಹಿಂದೆ ಒಂದು ಬೋಲ್ಟ್ ಇದೆ, ದರಿದ್ರದ್ದು, ಅಲೆ ಹೊಡೆದಾಗೆಲ್ಲ ಸಡಿಲ ಆಗುತ್ತೆ. ಎಂಜಿನ್ ಓಡ್ತಿರುವಾಗ ಉದ್ದದ ಸ್ಪ್ಯಾನರ್ ಹಾಕೋಕೆ ಹೋಗಿ ಬೆಲ್ಟಿಗೆ ಕೈ ಕೊಟ್ಟ. ತೋಕುಜಿ ತನ್ನ ಹತ್ರ ಇದ್ದಿದ್ದನ್ನೆಲ್ಲ ಕೊಯ್ದು ನೋಡ್ದ. ಒಂದೂ ಒಳಗೆ ಹೋಗ್ಲಿಲ್ಲ. ಕೊನೇಗೆ ಇದು.”

“ನನ್ನ ಹತ್ರ ಒಂದು ಮಾತು ಹೇಳ್ಬಹುದಿತ್ತು.”

“ನೀವು ಕೇಳಿದ್ರಾ?”

ಇವಾಬುಚಿ ಮೋಟನ್ನು ಅಂಗೈಯಲ್ಲಿ ತಿರುವಿ ನೋಡಿದ. ಆಮೇಲೆ, “ಕೊಯ್ಯೋಕೆ ಮುಂಚೆ ಕೇಳಿದ್ರೆ ನಾನೇ ಕೊಡ್ತಿದ್ದೆ,” ಎಂದ.

“ಕೊಟ್ಟಾಗಿತ್ತಲ್ಲ ಯಜಮಾನ್ರೇ.” ಗೆಂಗೋ ಒರಟಾಗಿ ಹೇಳಲಿಲ್ಲ. ಮಗುವಿಗೆ ಹೇಳುವ ಹಾಗೆ ಹೇಳಿದ.

ಇವಾಬುಚಿ ಅದನ್ನು ಕಿವಿಯ ಹತ್ತಿರ ತಂದು ತಿರುಗಿಸಿದ. ಉಪ್ಪುನೀರಿನಲ್ಲಿ ಇಷ್ಟು ವರ್ಷ ಕಳೆದರೂ ಹಲ್ಲು ಹಾಗೇ ಇದ್ದವು. ಯಾರೋ ಬಿಡದೆ ಎಣ್ಣೆ ಬಿಟ್ಟಿದ್ದರು. ಉಂಗುರಕ್ಕೆ ಹೆಬ್ಬೆರಳು ತೂರಿಸಿದ. ಒಳಗಿನ ಅಂಚನ್ನೆಲ್ಲ ಅರದಿಂದ ನುಣುಪು ಮಾಡಿತ್ತು, ಬೇರೆಯವರ ಬೆರಳಿಗೆ ತಾಗಬಾರದೆಂದು.

“ಇಟ್ಕೊಳ್ಳಿ ಬೇಕಾದ್ರೆ,” ಎಂದ ಗೆಂಗೋ. “ನಾವು ಹೆಂಗೋ ಮಾಡ್ಕೋತೀವಿ.”

“ಹೆಂಗ್ ಮಾಡ್ಕೋತೀರಿ? ಇನ್ನೊಬ್ಬನ ಬೆರಳು ಕೊಟ್ಟಾ?” ಇವಾಬುಚಿ ಅದನ್ನು ಗೆಂಗೋನ ಅಂಗೈಯಲ್ಲಿಟ್ಟು ಬೆರಳು ಮಡಚಿದ. “ಆದ್ರೂ ಕೊಯ್ಯಬಾರದಿತ್ತು,” ಎಂದ. “ಅಂಥದ್ದನ್ನ ಕೊಯ್ಯಬಾರದು.”

ಗೆಂಗೋ ಅದನ್ನು ಮತ್ತೆ ಕರವಸ್ತ್ರದಲ್ಲಿ ಕಟ್ಟಿಕೊಂಡ. ಸಾನಾಯೆ ಇವಾಬುಚಿಯನ್ನೇ ನೋಡುತ್ತಿದ್ದಳು. ಏನೋ ಕೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಬಾಗಿಲು ಸರಿಯಿತು. ಆಯಿತು, ಬನ್ನಿ ಎಂದು ಕರೆ ಬಂತು.

*

ಕುಲುಮೆಯಿಂದ ಹೊರಗೆಳೆದ ಉದ್ದನೆಯ ತಟ್ಟೆಯ ಮೇಲೆ ಬಿಳಿ ಮೂಳೆಗಳು ಮಲಗಿದ ಆಕಾರದಲ್ಲೇ ಇದ್ದವು. ಬಿಸಿ ಇನ್ನೂ ಮುಖಕ್ಕೆ ಹೊಡೆಯುತ್ತಿತ್ತು. ಸ್ಮಶಾನದ ನೌಕರ, ನರೆತ ಹುಬ್ಬಿನವನು, ಮೂಳೆ ಹಿಡಿದೆತ್ತುವ ಉದ್ದನೆಯ ಜೋಡಿ ಕಡ್ಡಿಗಳನ್ನು ಹಂಚುತ್ತ, “ಇಬ್ಬಿಬ್ಬರು ಸೇರಿ ಒಂದೊಂದು ಎತ್ತಬೇಕು. ಕಾಲಿನಿಂದ ಶುರು. ಮೊದಲು ಮನೆಯವರು,” ಎಂದ.

ಸಾನಾಯೆ ತನ್ನ ಕಡ್ಡಿ ಹಿಡಿದು ನಿಂತಳು. ಎದುರು ನಿಲ್ಲಲು ಮನೆಯವರಾರೂ ಇರಲಿಲ್ಲ. ಮೀನುಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ನೀವು ಬನ್ನಿ,” ಎಂದಳು ಆಕೆ ಇವಾಬುಚಿಗೆ. “ಭಾನುವಾರದೋರು.”

ಅವನು ಹೋಗಿ ಎದುರು ನಿಂತ. ಇಬ್ಬರ ಕಡ್ಡಿಗಳು ಒಂದೇ ಮೂಳೆಯನ್ನು ಎರಡು ಕಡೆಯಿಂದ ಹಿಡಿದು ಅಸ್ಥಿಯ ಭರಣಿಗೆ ಇಳಿಸಿದವು. ಏನೂ ಭಾರವಿರಲಿಲ್ಲ. ಬೇರೆಯವರೂ ಬಂದು ಎತ್ತಿದರು, ಸರಿದರು. ಭರಣಿ ತುಂಬುತ್ತ ಬಂತು. ತೋಕುಜಿ ಎತ್ತರದ ಆಳು; ತೊಡೆಯ ಮೂಳೆಯೊಂದು ಎಷ್ಟು ಓರೆ ಮಾಡಿದರೂ ಬಾಯಿಯಿಂದ ಮೇಲೆ ನಿಂತಿತು.

ನೌಕರ ಮುಚ್ಚಳ ಇಟ್ಟು ನೋಡಿದ, ತೆಗೆದ. ದನಿ ತಗ್ಗಿಸಿ, “ಇದು ಕೂರೋಲ್ಲ,” ಎಂದ. “ತಾವು ಒಪ್ಪಿದರೆ ಮುರೀತೀನಿ.”

ಸಾನಾಯೆ ಕರವಸ್ತ್ರ ಬಾಯಿಗೊತ್ತಿಕೊಂಡು ಇವಾಬುಚಿಯ ಕಡೆ ನೋಡಿದಳು. ಎಲ್ಲರೂ ಅವನ ಕಡೆಗೇ ನೋಡಿದರು. ನೌಕರ ಕೈಗವಸಿನ ಕೈಯನ್ನು ಮೂಳೆಯ ಮೇಲಿಟ್ಟು ಕಾಯುತ್ತಿದ್ದ.

ಇವಾಬುಚಿ ಭರಣಿಯ ಮೇಲೆ ನಿಂತಿದ್ದ ಮೂಳೆಯ ತುದಿಯನ್ನು ನೋಡಿದ. ಆಮೇಲೆ ಆಗಲಿ ಎಂದು ತಲೆಯಾಡಿಸಿದ.

ಸದ್ದು ಸಣ್ಣದಾಗಿತ್ತು, ಒಣಗಿದ ಕಡ್ಡಿ ಮುರಿದ ಹಾಗೆ. ನೌಕರ ಒಂದು ತುಂಡನ್ನು ತಟ್ಟೆಯ ಮೇಲಿಟ್ಟ. ಇವಾಬುಚಿ ಕಡ್ಡಿ ಚಾಚಿ ಒಂದು ತುದಿ ಹಿಡಿದ, ಸಾನಾಯೆ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಅದನ್ನು ಎತ್ತಿ, ಭರಣಿಯೊಳಗೆ ಉಳಿದ ತುಂಡಿನ ಪಕ್ಕಕ್ಕೆ, ಒಂದಕ್ಕೊಂದು ತಾಗುವ ಹಾಗೆ ಇಳಿಸಿದರು.