ಪ್ರಸ್ಥಾನದ ಗಂಟು

ಸೇಡಂನ ಹೈಸ್ಕೂಲಿನಲ್ಲಿ ನಾನು ಭೂಗೋಳ ಕಲಿಸುತ್ತೇನೆ. ಹುಣ್ಣಿಮೆಗೆ ಸಮುದ್ರ ಯಾಕೆ ಉಬ್ಬುತ್ತದೆ ಎಂದು ಬೋರ್ಡಿನ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಅಲೆ ಬರೆದು ತೋರಿಸುತ್ತೇನೆ. ಅಲೆ ಚೆನ್ನಾಗಿಯೇ ಬರುತ್ತದೆ. ಸಮುದ್ರವನ್ನು ಮಾತ್ರ ಇಂದಿನವರೆಗೆ ಕಂಡಿಲ್ಲ. ನಾನು ಕಂಡ ಅತಿ ದೊಡ್ಡ ನೀರೆಂದರೆ ಚಿಂಚೋಳಿ ಹತ್ತಿರದ ಚಂದ್ರಂಪಳ್ಳಿ ಡ್ಯಾಮು.

ಹೆಂಡತಿ ವೃಂದಾ ಕೂಡ ಕಂಡಿಲ್ಲ. ಆಕೆ ಶಹಾಬಾದಿನವಳು, ಕಲ್ಲಿನ ಗಣಿಯಲ್ಲಿ ನಿಂತ ಮಳೆನೀರನ್ನೇ ಕೆರೆ ಎಂದುಕೊಂಡು ಬೆಳೆದವಳು. ಮದುವೆಯಾದ ಮೇಲೆ ಆಕೆ ನನ್ನನ್ನು ಹಟ ಹಿಡಿದು ಕೇಳಿದ್ದು ಒಂದೇ.

"ಒಮ್ಮೆ ಸಮುದ್ರ ತೋರಸ್ರಿ. ಗಾಡಿ ಮ್ಯಾಲೆ ಹೋಗೋಣು. ರೈಲಿನ್ಯಾಗ ಹೋದ್ರ ದಾರಿ ಕಾಣಂಗಿಲ್ಲ, ಬರೇ ಸ್ಟೇಷನ್ ಕಾಣ್ತಾವ. ದಂಡಿ ಮ್ಯಾಲೆ ಡೇರೆ ಹಾಕಿ ಒಂದ್ ರಾತ್ರಿ ಮಲಗಬೇಕು ನೋಡ್ರಿ."

"ಆತು" ಎಂದೆ. ಹೇಳುವುದಕ್ಕೇನು, ಮಾಸ್ತರನಿಗೆ ಬರುವ ಕೆಲಸವೇ ಅದು.

ಅಂದಿನಿಂದ ಪ್ರತಿ ದಸರಾ ರಜೆಗೂ ನಾವು ರಾಮೇಶ್ವರದ ಆಚೆಯ ಧನುಷ್ಕೋಟಿಗೆ ಹೊರಡುತ್ತೇವೆ. ಒಂದು ವರ್ಷ ಮೋಟರ್‌ಸೈಕಲ್ಲಿನ ಕ್ಲಚ್ ಸರಿ ಇರಲಿಲ್ಲ. ಇನ್ನೊಂದು ವರ್ಷ ತಮಿಳುನಾಡಿನಲ್ಲಿ ಮಳೆ ಎಂದು ಟಿವಿಯವರು ಹೇಳಿದರು. ಅದರ ಮರುವರ್ಷ ಕ್ಲಚ್ಚೂ ಸರಿಯಿತ್ತು, ಮಳೆಯೂ ಇರಲಿಲ್ಲ, ನನ್ನ ಸೊಂಟ ಹಿಡಿದುಕೊಂಡಿತು. ಕುಣಿಯಲಾರದವಳಿಗೆ ನೆಲ ಡೊಂಕು ಎನ್ನುತ್ತಾರಲ್ಲ, ನನಗೆ ಇಲ್ಲಿಂದ ರಾಮೇಶ್ವರದವರೆಗಿನ ನೆಲವೆಲ್ಲ ಡೊಂಕು. ಬಜಾರಿನಲ್ಲಿ ಎದುರಾದವರು ನಮಸ್ಕಾರ ಬಿಟ್ಟು, "ಏನ್ರಿ ಸರ್, ಹೊಂಟ್ರೇನು?" ಎಂದು ಕೇಳತೊಡಗಿದ್ದರು.

ಆದರೆ ಸಿದ್ಧತೆಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಈ ವರ್ಷ ಹೊಸ ಡೇರೆ ತರಿಸಿದೆ. ಮಾಳಿಗೆಯ ಮೇಲೆ ಹಾಕಿ ನೋಡಿದರೆ ಗೂಟ ಇಳಿಯಲಿಲ್ಲ. ಶಹಾಬಾದಿ ಫರಸಿ ಕಲ್ಲಿನಲ್ಲಿ ಗೂಟ ಹೇಗೆ ಇಳಿದೀತು? ಮನೆ ಮುಂದಿನ ನೆಲದಲ್ಲಿ ನೋಡಿದೆ, ಗೇಣುದ್ದ ಇಳಿದು ಕಲ್ಲಿಗೆ ತಾಗಿ ಬಾಗಿತು. ನಮ್ಮ ಕಡೆ ಪೆಂಡಾಲಿನಿಂದ ಹಿಡಿದು ಒಣಹಾಕಿದ ಚಾದರದವರೆಗೆ ಎಲ್ಲಕ್ಕೂ ಮೂಲೆಗೊಂದು ಕಲ್ಲು ಹೇರುವುದೇ ರೂಢಿ. ನಾನೂ ಹಾಗೇ ಮಾಡಿದೆ. ಡೇರೆ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಸಂತೋಷಪಟ್ಟು, ಶಹಾಬಾದಿನ ಭಾವಮೈದುನನಿಗೆ ಫೋನು ಮಾಡಿ, ಹೊಂದಿಸಿ ಕಟ್ಟಲು ಬರುವಂಥ ಚೌಕ ಕಲ್ಲುಗಳನ್ನು ಕೊಯ್ಯಿಸಿ ತರಿಸಿದೆ. ಸಮುದ್ರದಂಡೆಯಲ್ಲಿ ಇರುವುದು ಉಸುಕು ಎಂದು ಎಂಟನೇ ಕ್ಲಾಸಿನ ಹುಡುಗರಿಗೆ ಗೊತ್ತು, ಹೇಳಿಕೊಟ್ಟವನು ನಾನೇ.

ನನ್ನ ತಾಯಿ ಶಾರದಾಬಾಯಿ ಕಲ್ಲು ನೋಡಿ ಕೈ ಮುಗಿದಳು. "ಸೇತುವಿಗೆ ಕಲ್ಲು ಹೊರೋದು ಸಣ್ಣ ಪುಣ್ಯ ಅಲ್ಲಪಾ ಆನಂದ. ಕಪಿಗಳು ಹೊತ್ತಿದ್ವು, ಈಗ ನೀ ಹೊರ್ಲಿಕತ್ತಿ."

ವೃಂದಾ ಒಳಗೆ ಹೋಗಿ ನಕ್ಕಿದ್ದು ಹೊರಗೆ ಕೇಳಿಸಿತು.

ಕಲ್ಲು ಹೊರಲು ಕ್ಯಾರಿಯರ್ ಬೇಕಾಯಿತು. ಬಸ್‌ಸ್ಟ್ಯಾಂಡ್ ಹತ್ತಿರ ವೆಲ್ಡಿಂಗ್ ಅಂಗಡಿ ಇಟ್ಟಿರುವ ಗುಲಾಮ ದಸ್ತಗೀರ ಕಿಟಕಿಯ ಗ್ರಿಲ್ಲಿನ ಕಬ್ಬಿಣದಲ್ಲಿ ಮಾಡಿಕೊಟ್ಟ. "ಬೇಫಿಕರ್ ಇರ್ರಿ ಸರ್. ಗಾಡಿ ಮುರದ್ರೂ ಈ ಕ್ಯಾರಿಯರ್ ಮುರಿಯಂಗಿಲ್ಲ" ಎಂದ. ಅದರಲ್ಲಿ ಸಮಾಧಾನಪಡುವುದು ಏನಿದೆ ಎಂದು ನಾನು ಯೋಚಿಸಲಿಲ್ಲ. ಕ್ಯಾರಿಯರ್ ಹಿಂದಿನ ದೀಪದ ಮೇಲಿನಿಂದ ಶುರುವಾಗಿ ನನ್ನ ಬೆನ್ನಿನವರೆಗೆ ಬಂದಿತ್ತು. ಅದರ ಮೇಲೆ ಕಲ್ಲು, ಡೇರೆ, ಸ್ಟೋವು, ಅವ್ವ ಕೊಟ್ಟ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಮತ್ತೆ ಸೇಡಂ ತೊಗರಿಬೇಳೆ. ಆ ಕಡೆಯ ಬೇಳೆ ಕುದಿಯುವುದಿಲ್ಲವಂತೆ. ಅವ್ವ ಕೂಡ ಆ ಕಡೆ ಹೋದವಳಲ್ಲ.

ಒಂದು ರವಿವಾರ ಪೂರ್ತಿ ಹೇರಿಕೊಂಡು ಚಿಂಚೋಳಿಯವರೆಗೆ ಹೋಗಿ ಪರೀಕ್ಷೆ ಮಾಡುವುದು ಎಂದಾಯಿತು. ವೃಂದಾ ಮುಖಕ್ಕೆ ಓಢಣಿ ಸುತ್ತಿಕೊಂಡು, ಹೆಲ್ಮೆಟ್ ಹಾಕಿಕೊಂಡು ಹೊರಗೆ ಬಂದಳು. ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿದಳು.

"ನಾ ಎಲ್ಲಿ ಕೂಡ್ಲಿ?"

ಎಲ್ಲಿ ಕೂಡಬೇಕು? ಆಕೆಯ ಜಾಗದಲ್ಲಿ ಕಲ್ಲು ಕೂತಿದ್ದವು. ತಪ್ಪಾಯಿತು ಎನ್ನುವುದು ಬಿಟ್ಟು, "ಇವತ್ತು ಸಾಮಾನಿನ ಪರೀಕ್ಷಾ. ನಿಂದು ಮುಂದಿನ ವಾರ ಇಡೋಣು" ಎಂದೆ. ಆಕೆ ಹೆಲ್ಮೆಟ್ ತೆಗೆಯದೇ ಬಸ್‌ಸ್ಟ್ಯಾಂಡಿಗೆ ನಡೆದಳು. ನಾನು ಏರಿನಲ್ಲಿ ಮುಂದಿನ ಗಾಲಿ ಎದ್ದೀತೆಂದು ಟ್ಯಾಂಕಿನ ಮೇಲೆ ಬಗ್ಗಿಕೊಂಡು, ಸೈಕಲ್ಲಿನವರಿಗೂ ದಾರಿ ಬಿಟ್ಟುಕೊಡುತ್ತ ಚಿಂಚೋಳಿ ಮುಟ್ಟಿದಾಗ ಆಕೆ ಹೋಟೆಲಿನ ಮುಂದೆ ಮಿರ್ಚಿಭಜಿ ತಿನ್ನುತ್ತ ಕೂತಿದ್ದಳು.

"ಬರ್ರಿ, ಕುಂದ್ರಿ. ಪಾಸಾದ್ರೇನು?" ಎಂದು ನಕ್ಕಳು.

ತಿರುಗಿ ಬರುವಾಗ ಆಕೆಯ ಬಸ್ಸು ನನ್ನನ್ನು ದಾಟಿತು. ಕಿಟಕಿಯಲ್ಲಿ ಆಕೆ ಕಂಡಳು. ಆಗ ನಗುತ್ತಿರಲಿಲ್ಲ. ಆದರೂ ಕ್ಯಾರಿಯರ್ ಬಿಚ್ಚಿಸಲಿಲ್ಲ. ಮುಂದಿನ ವಾರದ ಪರೀಕ್ಷೆಯೂ ನಡೆಯಲಿಲ್ಲ. ಹೇಗಾದರೂ ಆಕೆಗೆ ಜಾಗ ಮಾಡಿದರಾಯಿತು ಎಂದುಕೊಂಡೆ.

ಅಷ್ಟರಲ್ಲಿ ಅವ್ವ ಪಂಚಾಂಗ ತೆಗೆದಳು. ಒಳ್ಳೆಯ ದಿನ ಸೋಮವಾರ ಇತ್ತು, ನನ್ನ ರಜೆ ಶುಕ್ರವಾರ ಶುರು. "ಹಂಗಾದ್ರ ಸೋಮವಾರ ಪ್ರಸ್ಥಾನ ಇಡು" ಎಂದಳು.

ಪ್ರಸ್ಥಾನ ಎಂದರೆ ಇಷ್ಟೇ. ಒಳ್ಳೆಯ ಗಳಿಗೆಯಲ್ಲಿ ನಮಗೆ ಹೊರಡಲಾಗದಿದ್ದರೆ ನಮ್ಮ ಬದಲು ನಮ್ಮ ಗಂಟು ಹೊರಡುತ್ತದೆ. ಒಂದು ವಸ್ತ್ರದಲ್ಲಿ ಹಿಡಿ ಅಕ್ಕಿ, ಅಡಿಕೆ, ಅರಿಶಿಣದ ಕೊಂಬು ಕಟ್ಟಿ, ಹೋಗುವ ದಿಕ್ಕಿನಲ್ಲಿ ಯಾರದಾದರೂ ಮನೆಯಲ್ಲಿ ಇಟ್ಟು ಬಂದರೆ ಪ್ರಯಾಣ ಶುರುವಾದಂತೆ. ಆಮೇಲೆ ನಾವು ಹೋಗುವಾಗ ಗಂಟನ್ನು ಎತ್ತಿಕೊಂಡು ಮುಂದೆ ಹೋಗುವುದು. ಒಂದೇ ನೇಮ, ಇಟ್ಟ ಗಂಟು ತಿರುಗಿ ಮನೆಗೆ ಬರಬಾರದು. ಬಂದರೆ ಆ ಪ್ರಯಾಣ ಕೆಟ್ಟಿತು ಎಂದೇ ಲೆಕ್ಕ.

ನಮ್ಮ ದಾರಿಯಲ್ಲಿ ವಾಡಿ ಇದೆ. ವಾಡಿಯಲ್ಲಿ ಪ್ರಬುದ್ಧ ಇದ್ದಾನೆ. ಚಿತ್ತಾಪುರದ ಕಾಲೇಜಿನಲ್ಲಿ ನನ್ನ ಜೊತೆ ಓದಿದವನು, ಈಗ ರೈಲ್ವೆಯಲ್ಲಿದ್ದಾನೆ. ಬುದ್ಧನ ಫೋಟೋ ಇಟ್ಟ ಅವನ ಮನೆಯಲ್ಲಿ ತಿಥಿ ನಕ್ಷತ್ರ ಯಾರೂ ಕೇಳುವುದಿಲ್ಲ. ಆದರೂ ಗಂಟು ಇಡಲು ಜಾಗ ಕೊಟ್ಟ. ನಾನು ಸೋಮವಾರ ಅಕ್ಕಿ ಅಡಿಕೆ ಬದಲು ಇಡೀ ಸಾಮಾನನ್ನೇ ಒಯ್ದೆ. ಶಾಸ್ತ್ರ ಅರ್ಧಂಬರ್ಧ ಆಗಬಾರದಲ್ಲ.

ಕಲ್ಲು ಇಳಿಸುವಾಗ ಅವನು ಸೊಂಟಕ್ಕೆ ಕೈ ಕೊಟ್ಟು ನಿಂತ. "ಲೇ, ನೀ ಊರು ನೋಡ್ಲಿಕ್ಕ ಹೊಂಟಿಯೋ, ಊರು ಕಟ್ಲಿಕ್ಕ ಹೊಂಟಿಯೋ?"

ಮನೆಗೆ ಬಂದಾಗ, ವರ್ಷವೂ ದಸರೆಗೆ ಮುಂಚೆ ಹೋಗುವಂತೆ, ವೃಂದಾ ಒಂದು ದಿನದ ಮಟ್ಟಿಗೆ ತವರಿಗೆ ಹೋಗಿದ್ದಳು. ನನ್ನ ಜಾಣತನದ ಫಲ ಆಮೇಲೆ ಗೊತ್ತಾಯಿತು. ಗಡ್ಡ ಕೆರೆಯುವ ಸಾಮಾನು ವಾಡಿಯಲ್ಲಿ. ಓದುವ ಚಾಳೀಸು ವಾಡಿಯಲ್ಲಿ. ಬಿಪಿ ಗುಳಿಗೆ, ಒಳ್ಳೆಯ ಚಪ್ಪಲಿ, ನೆಟ್ಟಗಿರುವ ಬನಿಯನ್ನು ಎಲ್ಲ ಪ್ರಯಾಣ ಶುರುಮಾಡಿಬಿಟ್ಟಿದ್ದವು. ಉಳಿದವನು ನಾನೊಬ್ಬ. ಗಡ್ಡ ಬಿಟ್ಟುಕೊಂಡು, ಅವ್ವನ ಚಾಳೀಸು ಹಾಕಿಕೊಂಡು ಕ್ಲಾಸಿಗೆ ಹೋದೆ.

ಬುಧವಾರ ಚಿತ್ತಾಪುರದ ರಸ್ತೆಯಲ್ಲಿ ಹೋಗುತ್ತಿದ್ದಾಗ ಸಿಮೆಂಟಿನ ಲಾರಿಯೊಂದು ಪಕ್ಕದಲ್ಲೇ ಹಾದುಹೋಯಿತು. ಅದರ ಗಾಳಿಗೆ ಗಾಡಿ ನಡುಗಿತು. ನಾನು ಇಳಿದು ಬೇವಿನ ಮರದ ಕೆಳಗೆ ಕೂತೆ. ಮುಚ್ಚಿಡುವುದೇಕೆ, ನನಗೆ ಹೆದರಿಕೆ. ಮೊದಲಿನಿಂದಲೂ ಇರುವುದು ಅದೊಂದೇ. ಕ್ಲಚ್ಚು, ಮಳೆ, ಸೊಂಟ ಎಲ್ಲ ಅದರ ಬೇರೆಬೇರೆ ಹೆಸರು. ಸಾಮಾನು ಕಟ್ಟುತ್ತ ಇರುವವರೆಗೆ ಹೊರಡಬೇಕಾಗಿಲ್ಲ ಎಂದೇ ನಾನು ಅಷ್ಟೊಂದು ಕಟ್ಟುತ್ತಿದ್ದೆ.

ಆದರೆ ಈ ಸಲ ವೃಂದಾಳಿಗೆ ಏನು ಹೇಳುವುದು? ಹೇಳಲು ನೆಪ ಒಂದೂ ಉಳಿದಿರಲಿಲ್ಲ. ಆಗ ಹೊಳೆಯಿತು. ಪ್ರಸ್ಥಾನದ ಗಂಟು ಮನೆಗೆ ತಿರುಗಿ ಬಂದರೆ ಅವ್ವನೇ ಹೋಗಬೇಡ ಎನ್ನುತ್ತಾಳೆ. ಗುಳಿಗೆ ಬೇಕಿತ್ತು, ಮರೆತು ಎಲ್ಲ ತಂದುಬಿಟ್ಟೆ ಎಂದರಾಯಿತು. ಹೆದರಿದವನು ನಾನಲ್ಲ, ಶಾಸ್ತ್ರ ಅಡ್ಡ ಬಂತು. ಇಷ್ಟು ಚೆಂದದ ಉಪಾಯ ನನ್ನ ತಲೆಗೆ ಹೊಳೆದದ್ದಕ್ಕೆ ಕ್ಷಣಕಾಲ ಹೆಮ್ಮೆಯೂ ಆಯಿತು.

ಗುರುವಾರ ಸಾಲೆ ಬಿಟ್ಟ ಮೇಲೆ, ಗಾಲಿಗೆ ಹವಾ ಹಾಕಿಸಿಕೊಂಡು ಬರುತ್ತೇನೆ ಎಂದು ವೃಂದಾಳಿಗೆ ಹೇಳಿ ವಾಡಿಗೆ ಹೋದೆ. ಹವಾ ಹಾಕಿಸಲು ಇನ್ನೊಂದು ತಾಲೂಕಿಗೆ ಹೋಗುವವನು ನಾನೊಬ್ಬನೇ ಇರಬೇಕು.

ಪ್ರಬುದ್ಧ ಅಂಗಳದಲ್ಲಿ ಕೂತಿದ್ದ. ಬಾಗಿಲಲ್ಲಿ ಅವನ ಹೆಂಡತಿ ಭಾಗ್ಯ ನಿಂತಿದ್ದಳು. "ನನ್ನ ಗಂಟು ಕೊಡವ್ವಾ, ಮನಿಗೆ ಒಯ್ಯಬೇಕಾಗ್ಯದ" ಎಂದೆ.

ನನ್ನನ್ನು ಅಣ್ಣ, ವೃಂದಾಳನ್ನು ವೈನಿ ಎನ್ನುವ ಆಕೆ ನನ್ನ ಮುಖ ನೋಡಿದಳು. "ಬರೇ ನಿಮ್ದಾ ಅಣ್ಣಾರ? ವೈನೀವು?"

"ವೈನೀವು ಅಂದ್ರ?"

ಆಕೆ ಒಳಗೆ ಹೋಗಿ ಮಂಚದ ಕೆಳಗಿನಿಂದ ನಾಲ್ಕು ಬಟ್ಟೆಚೀಲ ತಂದು ನನ್ನ ಮುಂದೆ ಇಟ್ಟಳು. ಹಳೆಯ ಮೂರು ಚೀಲದ ಬಣ್ಣ ಮಾಸಿತ್ತು. "ನಿಮ್ಮವ್ವಾರು ವರ್ಷಾ ದಿನ ನೋಡಿ ಹೇಳ್ತಾರಲ್ರಿ, ವೈನಿ ತವರಿಗೆ ಹೋಗುಮುಂದ ಇಲ್ಲಿ ಇಳದು ಒಂದೊಂದು ಇಟ್ಟು ಹೋಗ್ತಾರ. ನೀವು ಹೋಗಲಿಲ್ಲಲ್ಲ, ಒಯ್ರಿ ಅಂದೆ. ಇಟ್ಟಿದ್ದು ಹೊಳ್ಳಿ ಒಯ್ದ್ರ ಹೋಗೋದು ಕೆಡ್ತದ, ಇರ್ಲಿ ಭಾಗ್ಯ, ಇವತ್ತಿಲ್ಲ ನಾಳೆ ಹೋಗ್ತೀವಿ ಅಂದ್ರು."

ಮೊದಲ ಚೀಲದಲ್ಲಿ ನೀಲಿ ಬೂಟುಗಳಿದ್ದವು. ಸನ್ನತಿಯಲ್ಲಿ ಚಂದ್ರಲಾಂಬಾ ಗುಡಿಯ ಮುಂದೆ ಕಳೆದವು ಎಂದು ವೃಂದಾ ಹೇಳಿದ್ದ ಬೂಟು. ದೇವಸ್ಥಾನಕ್ಕೆ ಯಾರಾದರೂ ಹೊಸ ಬೂಟು ಹಾಕಿಕೊಂಡು ಹೋಗುತ್ತಾರೇನು ಎಂದು ನಾನು ಊಟದ ಹೊತ್ತಿನಲ್ಲೆಲ್ಲ ಬೈದಿದ್ದೆ. ಆಕೆ ಸುಮ್ಮನೆ ಬೈಸಿಕೊಂಡಿದ್ದಳು. ಎರಡನೆಯದರಲ್ಲಿ, ಮೂರನೆಯದರಲ್ಲಿ ಒಂದೊಂದು ಜೊತೆ ಬಟ್ಟೆ. ಈ ವರ್ಷದ್ದರಲ್ಲಿ ಒಂದು ಖಾಲಿ ಬಾಟಲಿ, ಬಿರಡೆ ಗಟ್ಟಿಯಾಗಿ ತಿರುಗಿಸಿದ್ದು.

"ಇದು ನಿಮ್ ಸಲುವಾಗ್ರಿ" ಎಂದಳು ಭಾಗ್ಯ. "ಸಮುದ್ರದ ನೀರು ತುಂಬಕೊಂಡು ಬರ್ತಾರಂತ. ಕ್ಲಾಸಿನ್ಯಾಗ ಹುಡುಗರಿಗೆ ತೋರ್ಸಲಿಕ್ಕ ನಮ್ಮ ಮನಿಯವರಿಗೆ ಬೇಕಾಗ್ತದ ಅಂದ್ರು."

ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ. ಆಕೆ ವರ್ಷವೂ ಹೊರಡುತ್ತಿದ್ದಳು. ಇಲ್ಲಿಯವರೆಗೆ ಬಂದು, ನನಗಾಗಿ ಕಾದು, ಸಿಟ್ಟಾಗದೆ ತಿರುಗಿ ಹೋಗುತ್ತಿದ್ದಳು. ಕ್ಲಚ್ಚು ಸೊಂಟ ಎಂದು ನಾನು ಹೇಳಿದ್ದನ್ನೆಲ್ಲ ನಂಬಿದಂತೆ ತಲೆಯಾಡಿಸಿ, ಆ ಪ್ರಯಾಣ ಕೆಡಬಾರದೆಂದು ತನ್ನ ಬೂಟನ್ನೇ ಕಳ್ಳರ ಪಾಲು ಮಾಡಿದ್ದಳು. ನಾನು ಅದೇ ನೇಮ ಹಿಡಿದು ಪ್ರಯಾಣ ಕೆಡಿಸಲು ಬಂದಿದ್ದೆ.

ಪ್ರಬುದ್ಧ ಬಂದು ಪಕ್ಕದಲ್ಲಿ ಕೂತ. "ಚಹಾ ಕುಡಿ. ಆಮ್ಯಾಲೆ ನಿನ್ನ ಸಾಮಾನು ಕಟ್ಟಿಕೊಡ್ತೀನಿ" ಎಂದ.

"ಕಟ್ಟೋದು ಬ್ಯಾಡ. ನಿನ್ನ ಹತ್ರ ಪಾನಾ ಅದೇನು?"

ಇಬ್ಬರೂ ಸೇರಿ ಕ್ಯಾರಿಯರ್ ಬಿಚ್ಚಿದೆವು. ದಸ್ತಗೀರ ಹೇಳಿದ್ದು ಸುಳ್ಳಲ್ಲ, ಅದು ಸುಲಭಕ್ಕೆ ಜಗ್ಗಲಿಲ್ಲ. ಕೊನೆಗೆ ಕಳಚಿ ಬಂದಾಗ ಅಂಗಳದ ಮೂಲೆಗೆ ಇಟ್ಟೆವು. ಭಾಗ್ಯ ಮಲ್ಲಿಗೆಯ ಕುಂಡವನ್ನು ಎತ್ತಿ ಅದರ ಮೇಲೆ ಇಟ್ಟಳು. ಶಹಾಬಾದಿ ಕಲ್ಲುಗಳು ಬಚ್ಚಲಿನ ಬಾಗಿಲಿಗೆ ಮೆಟ್ಟಿಲಾದವು. ತೊಗರಿಬೇಳೆ ಆಕೆಯ ಡಬ್ಬಿಗೆ ಹೋಯಿತು. ಡೇರೆಯನ್ನು ಸಣ್ಣಗೆ ಸುತ್ತಿ ವೃಂದಾಳ ನಾಲ್ಕು ಚೀಲಗಳ ಜೊತೆ ಗಾಡಿಯ ಎರಡೂ ಬದಿಗೆ ಕಟ್ಟಿದೆವು. ಹಿಂದಿನ ಸೀಟು ಖಾಲಿಯಾಗಿ ನಿಂತಿತು. ಅದು ಎಷ್ಟು ಅಗಲ ಇದೆ ಎಂದು ನನಗೆ ಆಗಲೇ ಗೊತ್ತಾಗಿದ್ದು.

ಹೆದರಿಕೆ ಹೋಗಿತ್ತು ಎಂದರೆ ಸುಳ್ಳಾಗುತ್ತದೆ. ರಾತ್ರಿ ಮನೆಗೆ ಹೋದರೆ ಮತ್ತೆ ಏನಾದರೂ ಕಟ್ಟಿಕೊಳ್ಳುವುದಿಲ್ಲ ಎಂಬ ನಂಬಿಕೆ ನನ್ನ ಮೇಲೆ ನನಗೇ ಬರಲಿಲ್ಲ. ಅಲ್ಲಿಂದಲೇ ವೃಂದಾಳಿಗೆ ಫೋನು ಮಾಡಿದೆ.

"ನಾ ವಾಡಿಯೊಳಗ ಇದ್ದೀನಿ. ಮುಂಜಾನಿ ಮೊದಲ ಬಸ್ಸಿಗೆ ಬಂದುಬಿಡು. ಇಲ್ಲಿಂದನ ಹೊಂಡೋಣು."

"ಹವಾ ಹಾಕ್ಸಲಿಕ್ಕ ವಾಡಿ ತನಕಾ ಹೋಗೀರೇನು?"

"ಹೌದು."

"ನನಗ ಜಾಗಾ?"

"ಖಾಲಿ ಅದ."

ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. ನಾನು ಹಳೆಯ ಚಟಕ್ಕೆ, "ಎಲ್ಲಾ ಸರಿ ನೆನಪು ಮಾಡಿ ಕಟಗೊಂಡು ಬಾ, ಏನೂ ಮರೀಬ್ಯಾಡ" ಎಂದುಬಿಟ್ಟೆ.

"ನಾ ಏನ್ ಕಟ್ಟಬೇಕ್ರಿ?" ಎಂದಳು ವೃಂದಾ. "ನಂದೆಲ್ಲಾ ಅಲ್ಲೇ ಅದ."